ಅರಮನೆಯಲ್ಲಿ ಮೊಟ್ಟೆ ತೇಲಿದ ಪ್ರಕರಣ

ಸೋಮವಾರ ಬೆಳಿಗ್ಗೆ ಅರಮನೆಯ ಅಡುಗೆಮನೆಯಲ್ಲಿ ಒಂದು ಕೋಳಿಮೊಟ್ಟೆ ನೀರಿನಲ್ಲಿ ಮುಳುಗದೆ ತೇಲಿತು. ಕೋಟೆಯ ನಾಲ್ಕೂ ಬಾಗಿಲು ಮುಚ್ಚಿಸಲಾಯಿತು. ಹೊತ್ತೇರುವ ಮುನ್ನ ಡಂಗುರ ಹೊರಟಿತು: "ತೇಲುವುದು ಕೊಳೆತ ಮೊಟ್ಟೆ. ಅದನ್ನು ವೀರಮಲ್ಲ ದೊರೆಗೆ ಬೇಯಿಸಹೊರಟ ಬಾಣಸಿಗ ತಿಪ್ಪಣ್ಣನ ತಲೆ ಅಮಾವಾಸ್ಯೆಗೆ ಹೋಗತಕ್ಕದ್ದು. ದೊರೆಯ ಮೂರು ಪ್ರಶ್ನೆಗಳಿಗೆ ಕಣ್ಣೆದುರೇ ಉತ್ತರ ತೋರಿಸಿದವರು ಅವನನ್ನು ಬಿಡಿಸಿಕೊಳ್ಳಬಹುದು, ಮಂತ್ರಿಯೂ ಆಗಬಹುದು. ತಪ್ಪಿದವರ ತಲೆ ಅವನ ತಲೆಯ ಜೊತೆಗೆ."

ಮೊಟ್ಟೆ ಒಡೆದು ನೋಡಬಹುದಲ್ಲ ಎಂದು ಯಾರೋ ಕೇಳಿದರು. ಸಾಕ್ಷಿಯನ್ನು ಒಡೆಯುವಂತಿಲ್ಲ ಎಂದಾಯಿತು. ಉತ್ತರಗಳು ದೊರೆಗೂ ಗೊತ್ತಿರಲಿಲ್ಲ. ಆಳುವವರಿಗೆ ಪ್ರಶ್ನೆ ಗೊತ್ತಿದ್ದರೆ ಸಾಕೆಂಬುದು ಅಲ್ಲಿನ ಪದ್ಧತಿ.

ಮಂತ್ರಿಯಾಗುವ ಆಸೆಯಿಂದ ಮೊದಲು ಬಂದವರು ಆಸ್ಥಾನದ ಜೋಯಿಸರು.

"ಆಗಷ್ಟೇ ಇಟ್ಟ ಮೊಟ್ಟೆಯನ್ನು ನೀರಿನಲ್ಲಿ ತೇಲಿಸಿ. ಕೆಳಗೆ ಆಸರೆ ಇರಕೂಡದು," ಎಂದ ದೊರೆ.

ಜೋಯಿಸರು ಒಂದು ಗಳಿಗೆ ಮಂತ್ರ ಹೇಳಿದರು. ಮೊಟ್ಟೆ ಕೇಳಿಸಿಕೊಂಡು ಮುಳುಗಿತು.

ಸೇನಾಪತಿ ಎರಡನೆಯ ಪ್ರಶ್ನೆಯಿಂದಲೇ ಶುರು ಮಾಡುವುದಾಗಿ ಹಟ ಹಿಡಿದ, ಅದರಲ್ಲಿ ಸೈನ್ಯವಿತ್ತು. ತಟ್ಟೆಯ ನೀರಿನ ಮೇಲೆ ಮೆಣಸಿನ ಪುಡಿ ಉದುರಿಸಿ ದೊರೆ ಹೇಳಿದ: "ಇದು ಶತ್ರುಸೈನ್ಯ. ಊದಬಾರದು, ತಳ್ಳಬಾರದು. ಒಂದು ಬೆರಳು ಸೋಕಿಸಿದರೆ ದಿಕ್ಕಾಪಾಲಾಗಬೇಕು."

ಸೇನಾಪತಿ ಬೆರಳಿಟ್ಟ. ಶತ್ರುಸೈನ್ಯ ಅವನ ಬೆರಳಿಗೇ ಅಂಟಿಕೊಂಡಿತು.

ಇಬ್ಬರಿಗೂ ಬೇಡಿ ಬಿತ್ತು. ಮೂರನೆಯವಳಾಗಿ ಬಂದವಳು ಹುಲಿಗೆಮ್ಮ, ತಿಪ್ಪಣ್ಣನ ತಂಗಿ, ಅರಮನೆಯ ಮುಸುರೆ ತಿಕ್ಕುವವಳು. ಅಮಾವಾಸ್ಯೆಗೆ ಒಂಬತ್ತು ದಿನವಿತ್ತು.

"ನಿನ್ನ ತಲೆ ಹೋದರೆ ಪಾತ್ರೆ ಯಾರೇ ತಿಕ್ಕೋದು?" ಎಂದರು ಬೇಡಿಯಲ್ಲಿದ್ದ ಜೋಯಿಸರು.

"ನೀವೇ ತಿಕ್ಕಿ. ಕೈ ಹೇಗೂ ಕಟ್ಟಿದೆ, ಜೊತೆಗೇ ಓಡಾಡತ್ತೆ."

ಅವಳು ನೀರಿಗೆ ನಾಲ್ಕು ಹಿಡಿ ಉಪ್ಪು ಹಾಕಿ ಕದಡಿ ಮೊಟ್ಟೆ ಬಿಟ್ಟಳು. ತೇಲಿತು.

"ಉಪ್ಪು ಬಿದ್ದ ನೀರು ಭಾರ, ಬುದ್ಧಿ. ಮೊಟ್ಟೆಯನ್ನ ಎತ್ತಿ ಹಿಡಿಯತ್ತೆ. ಅವತ್ತು ಅಣ್ಣ ಮೊಟ್ಟೆ ಹಾಕಿದ್ದು ಉಪ್ಪಿನಕಾಯಿಗೆ ಕಲಸಿಟ್ಟಿದ್ದ ನೀರಿಗೆ."

ಅಡುಗೆಮನೆಯ ಹೊಸಿಲು ದಾಟಿದವರು ಆಸ್ಥಾನದಲ್ಲಿ ಯಾರೂ ಇರಲಿಲ್ಲ; ದಾಟುವುದು ಅವರ ಅಂತಸ್ತಿಗೆ ಕಡಿಮೆ.

ಎರಡನೆಯದಕ್ಕೆ ಅವಳು ಬೆರಳಿಗೆ ಅಂಟುವಾಳದ ನೊರೆ ಬಳಿದುಕೊಂಡು ತಟ್ಟೆಯ ನಡುವೆ ಸೋಕಿಸಿದಳು. ಮೆಣಸು ಅಂಚಿಗೆ ಓಡಿತು.

"ನೀರಿನ ಮೇಲೆ ಬಿಗಿಯಾದ ಪೊರೆ ಥರ ಒಂದಿರತ್ತೆ. ನೊರೆ ಮುಟ್ಟಿದ ಕಡೆ ಸಡಿಲ ಆಗತ್ತೆ, ಸುತ್ತಲಿನದು ಮೆಣಸನ್ನ ಎಳಕೊಂಡು ಹೋಗತ್ತೆ. ದಿನಾ ನಿಮ್ಮ ತಟ್ಟೆ ತೊಳೆಯುವಾಗ ನೋಡ್ತೀನಿ."

"ಕೊನೆಯದು," ಎಂದ ದೊರೆ, ಹಲ್ಲು ಕಡಿಯುತ್ತ. "ಲೋಟದ ತುಂಬ ನೀರು. ಬೋರಲು ಹಾಕಬೇಕು, ಹನಿ ಬೀಳಬಾರದು. ಏನನ್ನೂ ಕಟ್ಟಬಾರದು, ಅಂಟಿಸಬಾರದು."

ಅವಳು ಲೋಟವನ್ನು ಅಂಚಿನವರೆಗೆ ತುಂಬಿ, ಬಾಳೆಎಲೆಯ ತುಂಡು ಮುಚ್ಚಿ, ಅಂಗೈಯಲ್ಲಿ ಒತ್ತಿ ಹಿಡಿದು ಸಿಂಹಾಸನದ ಮೆಟ್ಟಿಲು ಹತ್ತಿದಳು. ದೊರೆಯ ಕಿರೀಟದ ಮೇಲೆ ಬೋರಲು ಮಾಡಿದಳು. ಕಾವಲುಗಾರರು ಕತ್ತಿ ಹಿರಿದರು.

"ಕೈ ತೆಗೀಲಾ, ಬುದ್ಧಿ?"

ದೊರೆ ಅಲ್ಲಾಡಲಿಲ್ಲ. ಅವಳು ಅಂಗೈ ತೆಗೆದಳು. ಎಲೆ ಅಂಟಿಸಿದಂತೆ ನಿಂತಿತು.

"ಕೆಳಗಿಂದ ಗಾಳಿ ಒತ್ತತಾ ಇದೆ. ಲೋಟದ ನೀರಿಗಿಂತ ಅದರ ಒತ್ತಡ ಜಾಸ್ತಿ. ಅಣ್ಣನ್ನ ಬಿಡಿ ಅಂತ ಹೇಳಿ, ತಿರುಗಿಸ್ತೀನಿ."

ದೊರೆ ಹೇಳಿದ.

ತಿಪ್ಪಣ್ಣ ಮಧ್ಯಾಹ್ನಕ್ಕೆ ಹೊರಬಂದ. ಹುಲಿಗೆಮ್ಮ ಮರುದಿನ ಮಂತ್ರಿಯಾದಳು. ಜೋಯಿಸರ ಮತ್ತು ಸೇನಾಪತಿಯ ಬಿಡುಗಡೆಯ ಕಾಗದಕ್ಕೆ ಅವಳು ಮುದ್ರೆ ಒತ್ತಿದ್ದು ಅಮಾವಾಸ್ಯೆಯ ಹಿಂದಿನ ದಿನ.