ಉಪ್ಪು ನೋಡಿದ ತನುಜಾ

ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ನೋಡಿ ಒಪ್ಪಿದರೆ ಮಾತ್ರ ಬಿಡುಗಡೆ ಎಂದು ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರ್ ಹೊಸ ನಿಯಮ ತಂದರು. ಮೊದಲ ದಿನವೇ, ಪೈಥಾನ್ ಬಿಟ್ಟು ಬೇರೆ ಕೋಡ್ ಭಾಷೆ ತಿಳಿಯದ ತನುಜಾಗೆ ಹಿರಿಯರಾದ ವಿರೂಪಾಕ್ಷಪ್ಪನವರ ಜಾವಾ ಕೋಡ್ ಪರಿಶೀಲನೆಗೆ ಬಂತು. ಒಪ್ಪಿದರೆ ನಾಳೆಯ ತಪ್ಪು ಅವಳ ತಲೆಗೆ, ಒಪ್ಪದಿದ್ದರೆ ಇವತ್ತೇ ಅವರ ಕೋಪ.

"ಜಾವಾ ಬಾರದವಳು ಏನಮ್ಮ ನೋಡ್ತೀಯ? ಸುಮ್ನೆ ಒಪ್ಪಿಗೆ ಒತ್ತು," ಎಂದರು ಅವರು.

ತನುಜಾ ಅವರತ್ತ ಕುರ್ಚಿ ತಿರುಗಿಸಿದಳು. "ಸರ್, ಅಡುಗೆ ಬರಲ್ಲ ಅಂತೀರಿ. ಆದ್ರೂ ಕ್ಯಾಂಟೀನ್ ಸಾರಿಗೆ ಉಪ್ಪು ಸಾಲ್ದು ಅಂತ ದಿನಾ ಹೇಳ್ತೀರಲ್ಲ?"

"ಅದಕ್ಕೆ ನಾಲಿಗೆ ಸಾಕು."

"ಹಾಗಾದ್ರೆ ನಾನೂ ರುಚಿ ನೋಡ್ಲಾ? ಗ್ರಾಹಕರು ಫೋನ್ ನಂಬರ್ ಹಾಕದೆ ಬಟನ್ ಒತ್ತಿದ್ರೆ ಏನಾಗುತ್ತೆ?"

"ಏನೂ ಆಗಲ್ಲ," ಎಂದು ವಿರೂಪಾಕ್ಷಪ್ಪ ತಮ್ಮ ಲ್ಯಾಪ್‌ಟಾಪ್‌ನಲ್ಲಿ ತಾವೇ ಒತ್ತಿ ತೋರಿಸಿದರು. ಪರದೆ ಪೂರ್ತಿ ಕಪ್ಪಾಯಿತು.

ಅವರು ಲ್ಯಾಪ್‌ಟಾಪ್ ಮಡಚಿಕೊಂಡು ಮೆಲ್ಲಗೆ ಎದ್ದರು.

"ಉಪ್ಪು ಹಾಕ್ಕೊಂಡು ಬರ್ತೀನಿ," ಎಂದರು.