ಹಿರಿಯರ ಲೆಕ್ಕದಲ್ಲಿ ಇಲ್ಲದ ದಿನಗಳು

“ಅಕ್ಕನವರೇ, ಬಸಿರು ತೆಗೆಸಿಕೊಂಡ ಹೆಂಗಸು ಎಷ್ಟು ದಿನಕ್ಕೆ ಕೆಲಸಕ್ಕೆ ಹೊರಡಬಹುದು?”

ಕೇಳಿದವನು ಮುರಿಗೆಪ್ಪ. ಹತ್ತು ವರ್ಷದಿಂದ ಮಠಕ್ಕೆ ನಡೆದುಕೊಳ್ಳುತ್ತಿದ್ದ ಶಿಷ್ಯ. ಅವನ ಹೆಂಡತಿ ಶಾಲೆಯಲ್ಲಿ ಪಾಠ ಹೇಳುವವಳು. ಅವಳು ಆಸ್ಪತ್ರೆಯಿಂದ ಬಂದು ಆರು ದಿನವಾಗಿತ್ತು. ಸೋಮವಾರಕ್ಕೆ ರಜೆ ಮುಗಿಯುತ್ತಿತ್ತು. ತಾಯಿ ಒಂದು ಹೇಳುತ್ತಿದ್ದಳು, ಅಕ್ಕಪಕ್ಕದವರು ಇನ್ನೊಂದು ಹೇಳುತ್ತಿದ್ದರು. ಅವನಿಗೆ ತಲೆ ಕೆಟ್ಟುಹೋಗಿತ್ತು.

ಮಠದ ಹಿರಿಯಕ್ಕ ದಾನಮ್ಮನವರು ಅವನನ್ನು ಮೇಲಿಂದ ಕೆಳಗೆ ನೋಡಿದರು.

“ಕೂತುಕೋ. ಒಬ್ಬ ನೇಕಾರನ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ, ನಿನಗೆ ಆ ಚಟ ಇದೆ.”

ಒಬ್ಬ ನೇಕಾರನಿದ್ದ. ಒಳ್ಳೆಯವನೇ. ಆದರೆ ಹಿರಿಯರನ್ನು ಕೇಳದೆ ಮೂಗಿನ ಮೇಲಿನ ನೊಣವನ್ನೂ ಓಡಿಸುವವನಲ್ಲ. ಅವನೂ ಹೆಂಡತಿಯೂ ಮನೆಯಲ್ಲೇ ಎರಡು ಮಗ್ಗ ಹಾಕಿಕೊಂಡು ನೇಯುತ್ತಿದ್ದರು. ಇಬ್ಬರು ಮಕ್ಕಳು. ಮೂರನೆಯ ಬಸಿರು ನಿಂತಾಗ ಅವಳ ಮೈಯಲ್ಲಿ ರಕ್ತವೇ ಇರಲಿಲ್ಲ. “ಇದು ಬೇಡ, ನನ್ನಿಂದ ಆಗದು” ಎಂದು ಅವಳೇ ಹೇಳಿದಳು. ಆಸ್ಪತ್ರೆಗೆ ಹೋಗಿ ತೆಗೆಸಿಕೊಂಡು ಬಂದಳು. ನೇಕಾರನದೂ ತಕರಾರಿರಲಿಲ್ಲ.

ಆ ಕೇರಿಯಲ್ಲಿ ಒಂದು ಕಟ್ಟಳೆಯಿತ್ತು. ಮುಟ್ಟಾದವಳು ಮೂರು ದಿನ ಮಗ್ಗ ಮುಟ್ಟುವಂತಿಲ್ಲ. ಮನೆಯಲ್ಲಿ ಸಾವಾದರೆ ಹನ್ನೊಂದು ದಿನ. ಹೆತ್ತವಳಿಗೆ ನಲವತ್ತು. ಎಲ್ಲದಕ್ಕೂ ಮೈಲಿಗೆ ಎಂದು ಹೆಸರು. ಪಾಪ, ಆ ಹೆಂಗಸರಿಗೆ ಬೆನ್ನು ನೆಲಕ್ಕೆ ತಾಗಿಸಲು ಸಿಗುತ್ತಿದ್ದುದೇ ಮೈಲಿಗೆಯ ದಿನಗಳಲ್ಲಿ. ಹಾಗಾಗಿ ಯಾರೂ ಅದನ್ನು ಬೇಡ ಅನ್ನುತ್ತಿರಲಿಲ್ಲ.

ನೇಕಾರ ಕೇರಿಯ ಹಿರಿಯನ ಬಳಿ ಹೋದ. “ಅಜ್ಜಾ, ಇದಕ್ಕೆ ಎಷ್ಟು ದಿನ?”

ಹಿರಿಯ ಬೆರಳು ಮಡಿಚಿ ನೋಡಿದ. “ಕೂಸು ಹುಟ್ಟಲಿಲ್ಲ, ಪುರುಡಿಲ್ಲ. ಯಾರೂ ಸತ್ತಂತೆಯೂ ಅಲ್ಲ, ಸೂತಕವಿಲ್ಲ. ಇದಕ್ಕೆ ದಿನವೇ ಇಲ್ಲಪ್ಪ. ನಾಳೆಯೇ ಮಗ್ಗಕ್ಕೆ ಕೂರಲಿ.”

ನೇಕಾರನಿಗೆ ಸಮಾಧಾನವಾಯಿತು. ಕೇಳಿಕೊಂಡು ಬಂದಿದ್ದಾನಲ್ಲ, ಇನ್ನೇನು! ಹೆಂಡತಿ ಮರುದಿನ ಮಗ್ಗದ ಕುಣಿಗೆ ಇಳಿದಳು. ಕಾಲಿನಿಂದ ಹಲಗೆ ತುಳಿಯಬೇಕು, ಕೈಯಿಂದ ಲಾಳಿ ಎಳೆಯಬೇಕು, ಒಂದೊಂದು ಎಳೆಗೂ ಹೊಟ್ಟೆ ಬಿಗಿಯಬೇಕು. ಎರಡು ದಿನ ನೇಯ್ದಳು. ಮೂರನೆಯ ದಿನ ಲಾಳಿಯ ಸದ್ದು ನಿಂತಿತು. ನೇಕಾರ ತಿರುಗಿ ನೋಡಿದರೆ ಅವಳು ಕುಣಿಯಲ್ಲೇ ಕುಸಿದಿದ್ದಳು, ಸೀರೆಯೆಲ್ಲ ರಕ್ತ.

ಅವನು ಅವಳನ್ನು ಎತ್ತಿಕೊಂಡು ಓಡಿದ. ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡು, ರಕ್ತ ಕೊಟ್ಟು ಉಳಿಸಿದರು. ಡಾಕ್ಟರಮ್ಮ ಅವನಿಗೆ ಚೆನ್ನಾಗಿ ಬೈದಳು. “ಭಾರದ ಕೆಲಸ ಬೇಡ ಅಂತ ಅವತ್ತೇ ಹೇಳಿ ಕಳಿಸಿದ್ದೆನಲ್ಲ, ಕಿವಿ ಎಲ್ಲಿಟ್ಟಿದ್ದೆ?” ಎಂದಳು. ಇಷ್ಟಾದ ಮೇಲೆ ಬುದ್ಧಿ ಬಂತೇ? ಮನೆಗೆ ಬಂದವನು ಮತ್ತೆ ಹಿರಿಯನ ಬಾಗಿಲಿಗೇ ಹೋದ.

ಹಿರಿಯ ಮತ್ತೆ ಬೆರಳು ಮಡಿಚಿದ. “ಹಾಗಾದರೆ ಹೆತ್ತವಳ ಲೆಕ್ಕಕ್ಕೇ ಹಿಡಿ. ನಲವತ್ತು ದಿನ.”

ಸೊನ್ನೆಯಿಂದ ನಲವತ್ತಕ್ಕೆ! ನಡುವಿನ ಅಂಕಿಗಳು ಆ ಮುದುಕನಿಗೆ ಗೊತ್ತೇ ಇರಲಿಲ್ಲವೋ ಏನೋ.

ಅವಳನ್ನು ಬಾಣಂತಿಯ ಕೋಣೆಗೆ ಹಾಕಿದರು. ಕಿಟಕಿ ಮುಚ್ಚಿದರು. ಕಿವಿಗೆ ಹತ್ತಿ ಇಟ್ಟರು, ಹೊಟ್ಟೆಗೆ ಬಟ್ಟೆ ಬಿಗಿದರು. ಮಕ್ಕಳನ್ನು ಹತ್ತಿರ ಬಿಡಲಿಲ್ಲ. ಬಾಣಂತಿಗೆ ಮಾಡುವುದನ್ನೆಲ್ಲ ಮಾಡಿದರು, ಮಗ್ಗುಲಲ್ಲಿ ಮಾತ್ರ ಕೂಸಿರಲಿಲ್ಲ. ಅವಳು ಗೋಡೆಗೆ ಮುಖ ಮಾಡಿ ಮಲಗಿದಳು. ಮೊದಲು ಮಾತು ಬಿಟ್ಟಳು, ಆಮೇಲೆ ಊಟ ಬಿಟ್ಟಳು. ನೇಕಾರನಿಗೆ ಹೆದರಿಕೆ ಹತ್ತಿತು. ಆಸ್ಪತ್ರೆಯಲ್ಲಿ ಉಳಿದ ಜೀವ ಮನೆಯಲ್ಲೇ ಕೈತಪ್ಪುತ್ತಿದೆಯಲ್ಲ ಎಂದು ಅವನು ಮಗ್ಗದ ಮುಂದೆ ಕೂತು ಅತ್ತ. ಆದರೂ ಕೋಣೆಯ ಬಾಗಿಲು ತೆರೆಯಲಿಲ್ಲ. ನಲವತ್ತಕ್ಕೆ ಇನ್ನೂ ಇಪ್ಪತ್ತು ದಿನ ಬಾಕಿ ಇತ್ತು.

ಆ ಹೊತ್ತಿಗೆ ಬಳೆ ಮಾರುವವಳು ಕೇರಿಗೆ ಬಂದಳು. ಅವಳಿಗೆ ಯಾವ ಮನೆಯಲ್ಲೂ ತಡೆಯಿಲ್ಲ, ಸೀದಾ ಕೋಣೆಗೇ ನುಗ್ಗಿದಳು. ಅಳತೆಗೆಂದು ನೇಕಾರನ ಹೆಂಡತಿಯ ಕೈ ಹಿಡಿದಳು. ಇದ್ದ ಬಳೆಗಳು ಮೊಣಕೈವರೆಗೆ ಜಾರಿದವು.

“ಅಯ್ಯೋ ನನ್ನವ್ವ! ಹೇಗಿದ್ದೀಯೇ? ಏನಾಗುತ್ತದೆ ನಿನಗೆ?”

ಅಷ್ಟು ಕೇಳಿದ್ದೇ ತಡ, ಅವಳಿಗೆ ಅಳು ಒತ್ತರಿಸಿ ಬಂತು.

“ರಕ್ತ ನಿಂತಿದೆ. ಸೊಂಟ ಇನ್ನೂ ಹಿಡಿಯುತ್ತದೆ, ಮಗ್ಗ ತುಳಿಯಲಾರೆ. ಆದರೆ ಕೈ ಚೆನ್ನಾಗಿದೆ. ಬೇಡ ಎಂದವಳು ನಾನೇ, ಅದಕ್ಕೆ ನಾನು ಮರುಗುತ್ತಿಲ್ಲ. ಆದರೂ ಒಮ್ಮೊಮ್ಮೆ ಅಳು ಬರುತ್ತದೆ, ಬರಲಿ. ಈ ಕತ್ತಲಲ್ಲಿ ಸುಮ್ಮನೆ ಬಿದ್ದುಕೊಂಡರೆ ಹುಚ್ಚು ಹಿಡಿಯುತ್ತದೆ. ನನ್ನ ಮಕ್ಕಳು ಬೇಕು. ಕೈಗೆ ಒಂದಿಷ್ಟು ಕೆಲಸ ಬೇಕು.”

ನೇಕಾರ ಗೋಡೆಯ ಈಚೆ ಕೂತು ಕೇಳಿಸಿಕೊಂಡ. ಇಪ್ಪತ್ತು ದಿನದಲ್ಲಿ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. ಎದ್ದು ಹೋಗಿ ಕಿಟಕಿ ತೆರೆದ. ಮಕ್ಕಳನ್ನು ಒಳಗೆ ಬಿಟ್ಟ. ನೂಲು ಸುತ್ತುವ ರಾಟೆಯನ್ನು ತಂದು ಅವಳ ಮುಂದಿಟ್ಟ.

ಅವಳು ಕೂತಲ್ಲೇ ನೂಲು ಸುತ್ತಿದಳು. ಸಾಕೆನಿಸಿದಾಗ ಮಲಗಿದಳು. ಅಳು ಬಂದಾಗ ರಾಟೆ ನಿಲ್ಲಿಸಿದಳು, ಯಾರೂ ಏಕೆಂದು ಗದರಲಿಲ್ಲ. ಎಂಟು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ತಾನೇ ಮಗ್ಗಕ್ಕೆ ಇಳಿದು ಅರ್ಧ ಮೊಳ ನೇಯ್ದಳು. ಮರುದಿನ ಬೇಡವೆನಿಸಿತು, ಇಳಿಯಲಿಲ್ಲ. ಅದರ ಮರುದಿನ ಒಂದು ಮೊಳ ನೇಯ್ದಳು. ಹಾಗೆ ಹಾಗೆ ಮೊದಲಿನಂತಾದಳು.

ದಾನಮ್ಮನವರು ಕತೆ ನಿಲ್ಲಿಸಿದರು. ಮುರಿಗೆಪ್ಪ ತುಟಿಯಲ್ಲೇ ಏನೋ ಕೂಡಿಸುತ್ತಿದ್ದ. ಕೊನೆಗೆ ಮುಖ ಅರಳಿತು.

“ಗೊತ್ತಾಯಿತು ಅಕ್ಕನವರೇ. ಇಪ್ಪತ್ತು, ಅದರ ಮೇಲೆ ಎಂಟು. ಒಟ್ಟು ಇಪ್ಪತ್ತೆಂಟು ದಿನ, ಅಲ್ಲವೇ?”

“ಅಲ್ಲವೋ ಮುರಿಗೆಪ್ಪ, ಮೂರು ಹರದಾರಿ ನಡೆದು ಬಂದು ನನ್ನನ್ನು ಕೇಳುತ್ತಿದ್ದೀಯಲ್ಲ, ಮನೆಯಲ್ಲಿರುವ ಅವಳನ್ನು ಒಂದು ಮಾತು ಕೇಳಿದೆಯಾ?”