ಹೊಳೆದಂಡೆಯಲ್ಲಿ ನಿಂತ ಅಕ್ಕ

"ಗುರುಗಳೇ, ಯಾವ ಫಂಕ್ಷನ್ ಯಾವುದನ್ನು ಕರೆಯುತ್ತದೆ ಎಂದು ಪೂರ್ತಿ ಚಿತ್ರ ಬರೆದೆ. ಒಂದು ಗೆರೆಯೂ ತಪ್ಪಿಲ್ಲ. ಆದರೂ ಪ್ರೋಗ್ರಾಂ ನಡುವೆ ನಿಂತುಬಿಡುತ್ತದೆ. ತಪ್ಪು ಎಲ್ಲಿದೆಯೆಂದು ಹೇಳುವುದೂ ಇಲ್ಲ, ಮುಂದೆ ಹೋಗುವುದೂ ಇಲ್ಲ. ಏಕೆ?" ಎಂದು ಕಾತ್ಯಾಯಿನಿ ಕೇಳಿದಳು.

ಅವಳಿಗೆ ಪ್ರೋಗ್ರಾಂ ಬರೆಯುವುದನ್ನು ಕಲಿಸುತ್ತಿದ್ದವರು ಈರಯ್ಯನವರು. ಅವರು ಹಾಳೆಯನ್ನು ತೆಗೆದುಕೊಂಡು ನೋಡಿದರು. ಒಂದೊಂದು ಫಂಕ್ಷನ್‌ಗೆ, ಅಂದರೆ ಪ್ರೋಗ್ರಾಂನಲ್ಲಿ ಒಂದೊಂದು ಕೆಲಸ ಮಾಡುವ ತುಣುಕಿಗೆ, ಒಂದೊಂದು ವೃತ್ತ. ಒಂದು ಇನ್ನೊಂದನ್ನು ಕೆಲಸಕ್ಕೆ ಕರೆದಲ್ಲೆಲ್ಲ ಒಂದು ಬಾಣ. ಚಿತ್ರ ಅಚ್ಚುಕಟ್ಟಾಗಿತ್ತು. ಅವರು ಅದನ್ನು ಪಕ್ಕಕ್ಕಿಟ್ಟು ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ಗಂಡ ತೀರಿಕೊಂಡ ಮೇಲೆ ಅವನ ಅಕ್ಕ ಅವನ ಮನೆಯಲ್ಲೇ ಇದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಯಾರು ಯಾವ ಕೆಲಸ ಹೇಳಿದರೂ ಮಾಡುವಳು, ಎಲ್ಲರದೂ ಆದ ಮೇಲೆ ಉಣ್ಣುವಳು.

ಒಂದು ಬೆಳಿಗ್ಗೆ ಕುಂಬಾರನ ಹೆಂಡತಿಗೆ ಹೆರಿಗೆ ನೋವು ಬಂತು. ಮಗು ಅಡ್ಡ ತಿರುಗಿತ್ತು. ಸೂಲಗಿತ್ತಿ ಇದ್ದದ್ದು ಹೊಳೆಯಾಚೆ. "ಅಕ್ಕಾ, ಓಡು. ಅಂಬಿಗನನ್ನು ಕಳಿಸಿ ಸೂಲಗಿತ್ತಿಯನ್ನು ಕರೆಸು. ಅವಳನ್ನು ಕರೆದುಕೊಂಡೇ ಬಾ" ಎಂದ ಕುಂಬಾರ. ಅಕ್ಕ ಓಡಿದಳು. ಅಂಬಿಗ ಮರುಮಾತಾಡದೆ ದೋಣಿ ತಳ್ಳಿದ. ಸೂಲಗಿತ್ತಿಯ ಮನೆ ಹೊಳೆಯ ತಿರುವಿನಾಚೆ. ದೋಣಿ ಆ ತಿರುವಿನಲ್ಲಿ ಮರೆಯಾಯಿತು. ಅಕ್ಕ ಕಾಯುತ್ತ ನಿಂತಳು.

ಸೂಲಗಿತ್ತಿ ತಡಮಾಡದೆ ದೋಣಿ ಹತ್ತಿದ್ದಳು. ಆದರೆ ಸೆಳವು ಜೋರಾಗಿತ್ತು. ಅದಕ್ಕೆ ಎದುರಾಗಿ ಹುಟ್ಟು ಹಾಕುತ್ತ ಬಂದರೆ ಹೊತ್ತು ಮೀರುತ್ತದೆಂದು ಅಂಬಿಗ ತಿರುವಿನಿಂದಲೇ ನೇರ ಈಚೆ ದಡಕ್ಕೆ ದಾಟಿಸಿದ. ಅಲ್ಲಿಂದ ಕುಂಬಾರರ ಕೇರಿಗೆ ಕಾಲುದಾರಿಯಿತ್ತು. ಸೂಲಗಿತ್ತಿ ಬಂದಳು, ಮಗುವನ್ನು ತಿರುಗಿಸಿದಳು, ಮಗು ಹುಟ್ಟಿತು. ಮನೆ ತುಂಬ ಜನ ಸೇರಿದರು. ಅಂಬಿಗ ಬೆಲ್ಲ ತಿಂದು ಮನೆಗೆ ಹೋದ.

ದಡದಲ್ಲಿ ನಿಂತವಳಿಗೆ ಇದಾವುದೂ ತಿಳಿಯದು. ಹೊತ್ತು ನೆತ್ತಿಗೇರಿತು. ಕಾಲ ಕೆಳಗೆ ಮರಳು ಸುಡುತ್ತಿತ್ತು. ಹಿಂದೆಯೇ ಹೊಂಗೆಯ ನೆರಳಿತ್ತು, ಆದರೆ ಅಲ್ಲಿಂದ ತಿರುವು ಕಾಣುತ್ತಿರಲಿಲ್ಲ. ಮನೆಗೆ ಹೋಗಿ ನೋಡಿ ಬರಲೇ ಎಂದು ಅವಳ ಜೀವ ಎಳೆಯುತ್ತಿತ್ತು. ತಾನು ಅತ್ತ ಹೋದಾಗಲೇ ದೋಣಿ ಬಂದರೆ ಸೂಲಗಿತ್ತಿಗೆ ಮನೆ ತೋರಿಸುವವರು ಯಾರು? ಅವಳು ಕದಲಲಿಲ್ಲ.

ಮನೆಯಲ್ಲಿ ಬಾಣಂತಿ ಕಣ್ಣು ತೆರೆದು, "ಅತ್ತಿಗೆ ಎಲ್ಲಿ? ಮಗುವನ್ನು ಮೊದಲು ಅವರ ಮಡಿಲಿಗೇ ಹಾಕಬೇಕು ಎಂದುಕೊಂಡಿದ್ದೆ" ಎಂದಳು. ಕುಂಬಾರ ಸುತ್ತ ನೋಡಿದ. ಅಕ್ಕನಿಗೆ ಯಾರಾದರೂ ಹೇಳಿರಬಹುದೆಂದು ಎಲ್ಲರೂ ಅಂದುಕೊಂಡಿದ್ದರು. ಅವನು ಹೊಳೆಯ ಕಡೆ ಓಡಿದ.

ತಮ್ಮ ಒಬ್ಬನೇ ಓಡಿ ಬರುವುದನ್ನು ಕಂಡು ಅಕ್ಕನ ಎದೆ ಒಡೆಯಿತು. "ದೋಣಿ ಬರಲೇ ಇಲ್ಲ, ತಮ್ಮಾ. ನಾನು ಇಲ್ಲೇ ನಿಂತಿದ್ದೆ. ನಿನ್ನ ಹೆಂಡತಿ ಹೋಗಿಬಿಟ್ಟಳೇ?"

"ಹೆಣ್ಣು ಮಗು, ಅಕ್ಕಾ. ಇಬ್ಬರೂ ಚೆನ್ನಾಗಿದ್ದಾರೆ. ನಿನಗೆ ಹೇಳುವುದನ್ನೇ ಮರೆತೆವು."

ಅವಳು ಬೈಯಲಿಲ್ಲ. ನಿಂತಲ್ಲೇ ಕುಸಿದು ಕೂತು, "ಅತ್ತಿತೇ?" ಎಂದು ಕೇಳಿದಳು.

"ಕೇರಿಗೆಲ್ಲ ಕೇಳುವ ಹಾಗೆ."

ಆಗ ಅವಳೂ ಅತ್ತಳು. ಏಳಲು ಹೋದರೆ ಕಾಲು ಮರಗಟ್ಟಿತ್ತು. ತಮ್ಮ ಅವಳ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡು, ಅವಳ ನಡಿಗೆಗೆ ತಕ್ಕ ಹಾಗೆ ನಡೆಸಿಕೊಂಡು ಬಂದ. ಬಾಣಂತಿ ಮಗುವನ್ನು ಚಾಚಿದಾಗ ಅಕ್ಕ ತಟ್ಟನೆ ತೆಗೆದುಕೊಳ್ಳಲಿಲ್ಲ. ಸೆರಗಿನಿಂದ ಕೈಯನ್ನು ಒರೆಸಿದಳು, ಮತ್ತೆ ಒರೆಸಿದಳು, ಆಮೇಲೆ ಮಡಿಲೊಡ್ಡಿದಳು.

ಕತೆ ಮುಗಿಯಿತು. ಕಾತ್ಯಾಯಿನಿ, "ಎಲ್ಲರೂ ಅವರವರ ಕೆಲಸವನ್ನು ಸರಿಯಾಗಿಯೇ ಮಾಡಿದ್ದರಲ್ಲ, ಗುರುಗಳೇ" ಎಂದಳು.

ಈರಯ್ಯನವರು ಹಾಳೆಯನ್ನು ಅವಳ ಕೈಗಿತ್ತರು.

"ಕರೆದವರನ್ನೆಲ್ಲ ಬರೆದಿದ್ದೀಯ, ಮಗಳೇ, ಇನ್ನೂ ಕಾಯುತ್ತಿರುವವರು ಯಾರೆಂದು ಹುಡುಕು."